ಅಲೆ ಮತ್ತು ಬೆಳಕು: ಪದೇ ಪದೇ ಕೇಳುವ ಪ್ರಶ್ನೆಗಳು

ಭೌತಶಾಸ್ತ್ರದ ಉಪನ್ಯಾಸ ಮುಗಿದ ಮೇಲೆ ವಿದ್ಯಾರ್ಥಿಗಳು, ಅವರ ತಂದೆತಾಯಂದಿರು ಮತ್ತು ಶಾಲಾ ಶಿಕ್ಷಕರು ಕೇಳುವ, ಪತ್ರಗಳಲ್ಲಿ ಬರೆದು ಕಳುಹಿಸುವ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವವನ್ನು ಆಯ್ದು, ಆದಷ್ಟೂ ಕೇಳಿದವರ ಮಾತಿನಲ್ಲೇ ಇಲ್ಲಿ ಇಡಲಾಗಿದೆ. ಪ್ರತಿ ಉತ್ತರವನ್ನೂ ಬೇರೆಯಾಗಿ ಓದಿಕೊಳ್ಳಬಹುದು. ಉತ್ತರಗಳಲ್ಲಿ ಒಂದು ಒಲವು ಎದ್ದು ಕಾಣುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಅಲೆಯ ವಿಷಯದಲ್ಲಿ ಯಾವ ಗೊಂದಲ ಎದುರಾದರೂ, ಅದರ ತರಂಗದೂರ (ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ಅಂತರ) ಎಷ್ಟು, ಅದಕ್ಕೆ ಅಡ್ಡ ಬಂದ ವಸ್ತುವಿನ ಗಾತ್ರ ಎಷ್ಟು ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲಿಯೇ ಬಗೆಹರಿಯುತ್ತದೆ.

## ಮೊದಲ ಪ್ರಶ್ನೆಗಳು

ಅಲೆ ದಡಕ್ಕೆ ಬರುತ್ತದೆ ಅಂದಮೇಲೆ ನೀರೇ ಬಂದ ಹಾಗಲ್ಲವೇ? ನೀರಲ್ಲದೆ ಮತ್ತೇನು ಬರುತ್ತದೆ?

ಮಲ್ಪೆಯಲ್ಲೋ ಗೋಕರ್ಣದಲ್ಲೋ ನಿಂತು, ಅಲೆಗಳು ಮುರಿದು ನೊರೆಯಾಗುವ ಜಾಗಕ್ಕಿಂತ ಆಚೆ ತೇಲುತ್ತಿರುವ ಒಂದು ತೆಂಗಿನಕಾಯಿಯನ್ನು ಗಮನಿಸಿದರೆ ಉತ್ತರ ಸಿಗುತ್ತದೆ. ಅಲೆಯ ಉಬ್ಬು ಬಂದಾಗ ಅದು ಮೇಲೇರಿ ತುಸು ಮುಂದೆ ಸರಿಯುತ್ತದೆ, ತಗ್ಗು ಬಂದಾಗ ಕೆಳಗಿಳಿದು ತುಸು ಹಿಂದೆ ಸರಿಯುತ್ತದೆ. ಹೆಚ್ಚುಕಡಿಮೆ ಒಂದು ವೃತ್ತವನ್ನು ಸುತ್ತಿ ಮೊದಲಿದ್ದ ಜಾಗದ ಹತ್ತಿರವೇ ಬಂದು ನಿಲ್ಲುತ್ತದೆ. ಅಲೆಗಳು ಒಂದರ ಹಿಂದೊಂದು ದಡ ಸೇರುತ್ತಿದ್ದರೂ ಕಾಯಿ ಅಲ್ಲೇ ಇರುತ್ತದೆ. ಮುಂದೆ ಸಾಗುವುದು ಶಕ್ತಿ ಮತ್ತು ಏರಿಳಿತದ ವಿನ್ಯಾಸ ಮಾತ್ರ. ದಡದ ಹತ್ತಿರ ನೀರು ನಿಜಕ್ಕೂ ನುಗ್ಗಿ ಬರುವುದುಂಟು, ಆದರೆ ಅದು ಆಳ ಕಡಿಮೆಯಾಗಿ ಅಲೆ ಮುರಿದುಬಿದ್ದ ಮೇಲಿನ ಕಥೆ. ಸಮುದ್ರದ ಅಲೆಯ ಚಲನೆ ಬಹಳ ಆಳಕ್ಕೆ ಇಳಿಯುವುದೂ ಇಲ್ಲ: ತರಂಗದೂರದ ಅರ್ಧದಷ್ಟು ಆಳ ಹೋಗುವಷ್ಟರಲ್ಲಿ ನೀರು ಬಹುತೇಕ ನಿಶ್ಚಲವಾಗಿರುತ್ತದೆ.

ಆವೃತ್ತಿ, ತರಂಗದೂರ, ವೇಗ, ಈ ಮೂರರಲ್ಲಿ ಯಾವುದು ಯಾವುದನ್ನು ತೀರ್ಮಾನಿಸುತ್ತದೆ? ಸೂತ್ರ ಬಾಯಿಪಾಠವಿದೆ, ಅರ್ಥವಾಗಿಲ್ಲ.

ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಇರುವ ಅಂತರ ತರಂಗದೂರ. ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಏರಿಳಿತವಾಗುತ್ತದೆ ಎಂಬುದು ಆವೃತ್ತಿ. ಎರಡರ ಗುಣಲಬ್ಧವೇ ವೇಗ. ಸೂತ್ರವು ಮೂರನ್ನೂ ಸಮಾನವೆಂಬಂತೆ ತೋರಿಸುತ್ತದೆ, ವಾಸ್ತವದಲ್ಲಿ ಅವು ಸಮಾನವಲ್ಲ. ಆವೃತ್ತಿಯನ್ನು ಅಲೆಯನ್ನು ಹುಟ್ಟಿಸುವ ಮೂಲ ನಿರ್ಧರಿಸುತ್ತದೆ. ವೇಗವನ್ನು ಅಲೆ ಸಾಗುವ ಮಾಧ್ಯಮ ನಿರ್ಧರಿಸುತ್ತದೆ. ಇವೆರಡೂ ನಿಗದಿಯಾದ ಮೇಲೆ ತರಂಗದೂರಕ್ಕೆ ಸ್ವಾತಂತ್ರ್ಯವೇನೂ ಉಳಿಯುವುದಿಲ್ಲ.

ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಪ್ರಸಾರ 612 ಕಿಲೋಹರ್ಟ್ಜ್‌ನದು, ಎಂದರೆ ಸೆಕೆಂಡಿಗೆ 6,12,000 ಏರಿಳಿತ. ಬೆಳಕಿನ ವೇಗವಾದ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರನ್ನು ಈ ಸಂಖ್ಯೆಯಿಂದ ಭಾಗಿಸಿದರೆ ತರಂಗದೂರ ಸುಮಾರು 490 ಮೀಟರ್ ಎಂದು ತಿಳಿಯುತ್ತದೆ. 101.3 ಮೆಗಾಹರ್ಟ್ಜ್‌ನ ಎಫ್‌ಎಂ ಪ್ರಸಾರದ ತರಂಗದೂರ ಮೂರು ಮೀಟರಿಗೂ ಒಂದಿಷ್ಟು ಕಡಿಮೆ. ಎರಡೂ ಗಾಳಿಯಲ್ಲಿ ಒಂದೇ ವೇಗದಲ್ಲಿ ಸಾಗುತ್ತವೆ.

ಶಬ್ದವೂ ಅಲೆ, ಬೆಳಕೂ ಅಲೆ. ಹಾಗಾದರೆ ಎರಡೂ ಒಂದೇ ಜಾತಿಯವೇ?

ಲೆಕ್ಕಾಚಾರದ ಮಟ್ಟದಲ್ಲಿ ಹೌದು, ಹುಟ್ಟಿನಲ್ಲಿ ಅಲ್ಲ. ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತ. ಗಾಳಿಯ ಕಣಗಳು ಶಬ್ದ ಸಾಗುವ ದಿಕ್ಕಿನಲ್ಲೇ ಹಿಂದೆ ಮುಂದೆ ಅಲುಗುವುದರಿಂದ ಅದು ನೀಳ ತರಂಗ. ಬೆಳಕಿನಲ್ಲಿ ಏರಿಳಿಯುವುದು ಸಾಗುವ ದಿಕ್ಕಿಗೆ ಲಂಬವಾಗಿ ಏರಿಳಿಯುತ್ತದೆ, ಆದ್ದರಿಂದ ಅದು ಅಡ್ಡ ತರಂಗ. ಶಬ್ದಕ್ಕೆ ಮಾಧ್ಯಮ ಬೇಕೇ ಬೇಕು. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ 343 ಮೀಟರ್, ನೀರಿನಲ್ಲಿ ಸುಮಾರು 1,480 ಮೀಟರ್, ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು. ಬೆಳಕಿನ ನಡವಳಿಕೆ ಇದಕ್ಕೆ ವಿರುದ್ಧ: ಏನೂ ಇಲ್ಲದ ನಿರ್ವಾತದಲ್ಲಿ ಅದು ಅತಿ ವೇಗವಾಗಿ ಸಾಗುತ್ತದೆ, ನೀರು ಮತ್ತು ಗಾಜಿನಲ್ಲಿ ನಿಧಾನವಾಗುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಪ್ರತಿ ಮೂರು ಸೆಕೆಂಡಿಗೆ ಸರಿಸುಮಾರು ಒಂದು ಕಿಲೋಮೀಟರ್ ದೂರ ಎಂದು ಎಣಿಸುವುದು ಈ ಎರಡು ವೇಗಗಳ ಅಗಾಧ ಅಂತರದ ಆಧಾರದ ಮೇಲೆ.

ಭೂಕಂಪದಲ್ಲಿ ಎರಡೂ ಬಗೆಯ ಅಲೆಗಳು ಹುಟ್ಟುತ್ತವೆ. ಅವುಗಳಲ್ಲಿ ಅಡ್ಡ ತರಂಗವು ದ್ರವದೊಳಗೆ ಹಾದುಹೋಗಲಾರದು. ಭೂಮಿಯ ಹೊರ ತಿರುಳು ದ್ರವವೆಂದು ಗೊತ್ತಾದದ್ದು ಹೀಗೆಯೇ.

ಸೂರ್ಯನಿಗೂ ನಮಗೂ ನಡುವೆ ಗಾಳಿಯೇ ಇಲ್ಲ. ಬೆಳಕು ಅಲೆಯಾದರೆ ಅಲ್ಲಿ ಅಲುಗುವುದಾದರೂ ಏನು?

ಈ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ದೊಡ್ಡ ದೊಡ್ಡ ವಿಜ್ಞಾನಿಗಳನ್ನೂ ಕಾಡಿತ್ತು. ಅಲುಗುವುದು ಯಾವ ವಸ್ತುವೂ ಅಲ್ಲ, ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ. ಬದಲಾಗುವ ಕಾಂತಕ್ಷೇತ್ರವು ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತದೆ ಎಂಬುದು ಫ್ಯಾರಡೆಯ ಕಾಲದಿಂದ ತಿಳಿದಿತ್ತು. ಬದಲಾಗುವ ವಿದ್ಯುತ್ ಕ್ಷೇತ್ರವೂ ಕಾಂತಕ್ಷೇತ್ರವನ್ನು ಹುಟ್ಟಿಸಬೇಕು ಎಂದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಸೇರಿಸಿದರು. ಎರಡೂ ಸೇರಿದಾಗ, ಒಂದನ್ನೊಂದು ಹುಟ್ಟಿಸುತ್ತಾ ಶೂನ್ಯದಲ್ಲೂ ಮುಂದೆ ಸಾಗುವ ಅಲೆ ಸಮೀಕರಣದಿಂದ ಹೊರಬಂತು. ಪ್ರಯೋಗಾಲಯದ ಮೇಜಿನ ಮೇಲೆ ವಿದ್ಯುತ್ ಮತ್ತು ಕಾಂತತ್ವವನ್ನು ಅಳೆದು ಪಡೆದ ಸಂಖ್ಯೆಗಳಿಂದ ಆ ಅಲೆಯ ವೇಗವನ್ನು ಲೆಕ್ಕ ಹಾಕಿದರೆ ಅದು ಬೆಳಕಿನ ವೇಗಕ್ಕೆ ಸರಿಹೊಂದಿತು. 1865ರಲ್ಲಿ ಪ್ರಕಟವಾದ ಆ ಪ್ರಬಂಧದಲ್ಲಿ ಒಂದು ಬಲ್ಬಾಗಲಿ ಮಸೂರವಾಗಲಿ ಬೇಕಾಗಲಿಲ್ಲ ಎಂಬುದು ಇಂದಿಗೂ ಅಚ್ಚರಿಯ ಸಂಗತಿ.

ಆದರೂ ಅಲೆಗೆ ಏನಾದರೊಂದು ಮಾಧ್ಯಮ ಇರಲೇಬೇಕೆಂದು ನಂಬಿ, ಅದಕ್ಕೆ ಈಥರ್ ಎಂದು ಹೆಸರಿಟ್ಟು ಹುಡುಕಿದವರು ಅನೇಕರು. 1887ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮೈಕಲ್‌ಸನ್ ಮತ್ತು ಮಾರ್ಲೆ, ಭೂಮಿ ಈಥರಿನ ಮೂಲಕ ಸಾಗುವುದಾದರೆ ಬೇರೆ ಬೇರೆ ದಿಕ್ಕಿನಲ್ಲಿ ಬೆಳಕಿನ ವೇಗ ಬೇರೆ ಇರಬೇಕೆಂದು ಅಳೆದು ನೋಡಿದಾಗ ನಿರೀಕ್ಷಿಸಿದ ವ್ಯತ್ಯಾಸ ಸಿಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಈಥರ್ ಅನಗತ್ಯವೆಂದು ಪಕ್ಕಕ್ಕಿಟ್ಟರು.

ರೇಡಿಯೊ, ಮೈಕ್ರೊವೇವ್, ಎಕ್ಸ್‌ರೇ ಎಲ್ಲವೂ ಬೆಳಕೇ ಅಂತಾರೆ. ಹಾಗಿದ್ದರೆ ಕಣ್ಣಿಗೆ ಏಕೆ ಕಾಣುವುದಿಲ್ಲ?

ಎಲ್ಲವೂ ವಿದ್ಯುತ್ಕಾಂತೀಯ ಅಲೆಗಳೇ, ತರಂಗದೂರ ಮಾತ್ರ ಬೇರೆ. ನಮ್ಮ ಕಣ್ಣಿನ ವರ್ಣಕಗಳು ಸುಮಾರು 400ರಿಂದ 700 ನ್ಯಾನೋಮೀಟರಿನ ತರಂಗದೂರಕ್ಕೆ ಮಾತ್ರ ಸ್ಪಂದಿಸುತ್ತವೆ. ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ಅದಕ್ಕಿಂತ ಉದ್ದವಾದವು ಅವಕೆಂಪು, ಮೈಕ್ರೊವೇವ್, ರೇಡಿಯೊ. ಚಿಕ್ಕವು ನೇರಳಾತೀತ, ಎಕ್ಸ್ ಕಿರಣ, ಗಾಮಾ ಕಿರಣ. 1887–88ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಕ್ ಹರ್ಟ್ಜ್ ರೇಡಿಯೊ ಅಲೆಗಳನ್ನು ಉತ್ಪಾದಿಸಿ, ಅವು ಬೆಳಕಿನಂತೆಯೇ ಪ್ರತಿಫಲಿಸುತ್ತವೆ, ಬಾಗುತ್ತವೆ ಎಂದು ತೋರಿಸಿದರು. ಅದಾಗಿ ಕೆಲವೇ ವರ್ಷಗಳಲ್ಲಿ ಕಲ್ಕತ್ತೆಯ ಜಗದೀಶಚಂದ್ರ ಬೋಸರು ಮಿಲಿಮೀಟರುಗಳಲ್ಲಿ ಅಳೆಯುವಷ್ಟು ಚಿಕ್ಕ ರೇಡಿಯೊ ಅಲೆಗಳ ಮೇಲೆ ಪ್ರಯೋಗ ನಡೆಸಿದರು.

ಕಾಣದ ಬೆಳಕನ್ನು ನೋಡಲು ಅದರ ತರಂಗದೂರಕ್ಕೆ ತಕ್ಕ ಕಣ್ಣು ಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ ಆಕಾಶದಿಂದ ಬರುವ 34.5 ಮೆಗಾಹರ್ಟ್ಜ್‌ನ ಅಲೆಗಳನ್ನು ಹಿಡಿಯಲು ಕಟ್ಟಿದ ರೇಡಿಯೊ ದೂರದರ್ಶಕಕ್ಕೆ ಕನ್ನಡಿಯೂ ಇಲ್ಲ, ಗುಮ್ಮಟವೂ ಇಲ್ಲ. ಆ ಅಲೆಗಳ ತರಂಗದೂರ ಸುಮಾರು 8.7 ಮೀಟರ್ ಆದ್ದರಿಂದ ಬಯಲಿನ ಉದ್ದಕ್ಕೂ ನೆಟ್ಟ ತಂತಿಯ ಆಂಟೆನಾಗಳ ಸಾಲೇ ಅಲ್ಲಿ ಕಣ್ಣು.

## ಬೆಳಕು ಅಲೆಯಂತೆ ನಡೆದುಕೊಳ್ಳುವಲ್ಲಿ

ಪಕ್ಕದ ಕೋಣೆಯವರ ಮಾತು ಬಾಗಿಲಿನ ಮೂಲಕ ಕೇಳಿಸುತ್ತದೆ, ಅವರು ಮಾತ್ರ ಕಾಣಿಸುವುದಿಲ್ಲ. ಎರಡೂ ಅಲೆಯಾದರೆ ಹೀಗೇಕೆ?

ಗೋಡೆಗಳಿಂದ ಆಗುವ ಪ್ರತಿಫಲನದ ಪಾಲೂ ಇದರಲ್ಲಿದೆ, ಆದರೆ ಮುಖ್ಯ ಕಾರಣ ವಿವರ್ತನೆ, ಅಂದರೆ ಅಂಚಿನ ಬಳಿ ಅಲೆ ಬಾಗಿ ಹರಡುವುದು. ಯಾವ ಅಲೆಯಾದರೂ ತನ್ನ ತರಂಗದೂರಕ್ಕೆ ಹೋಲುವ ಗಾತ್ರದ ಕಿಂಡಿಯನ್ನು ದಾಟಿದಾಗ ಆಚೆಗೆ ಎಲ್ಲ ಕಡೆ ಹರಡುತ್ತದೆ; ಕಿಂಡಿ ಬಹಳ ದೊಡ್ಡದಾದರೆ ಬಹುತೇಕ ನೇರ ಸಾಗಿ ಹರಿತವಾದ ನೆರಳನ್ನು ಬಿಡುತ್ತದೆ. 343 ಹರ್ಟ್ಜ್‌ನ ಸ್ವರದ ತರಂಗದೂರ ಒಂದು ಮೀಟರ್, ಬಾಗಿಲಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಹಸಿರು ಬೆಳಕಿನ ತರಂಗದೂರ ಅರ್ಧ ಮೈಕ್ರೋಮೀಟರಿನ ಆಸುಪಾಸು, ಬಾಗಿಲು ಅದಕ್ಕಿಂತ ಇಪ್ಪತ್ತು ಲಕ್ಷ ಪಟ್ಟು ಅಗಲ. ಬೆಳಕೂ ಬಾಗುತ್ತದೆ, ಆದರೆ ಬಾಗಿಲಿನ ಅಂಚಿನಲ್ಲಿ ಅದು ಗಮನಕ್ಕೆ ಬಾರದಷ್ಟು ಅಲ್ಪ.

ಮಲೆನಾಡಿನ ಕಣಿವೆಗಳಲ್ಲಿ ಮಧ್ಯಮ ತರಂಗದ ಆಕಾಶವಾಣಿ ಕೇಳಿಸಿ ಎಫ್‌ಎಂ ಕೇಳಿಸದಿರುವುದಕ್ಕೆ ಮುಖ್ಯ ಕಾರಣವೂ ಇದೇ. ನೂರಾರು ಮೀಟರ್ ಉದ್ದದ ಅಲೆ ಗುಡ್ಡದ ಮೈಯನ್ನು ಅನುಸರಿಸಿ ಬಾಗುತ್ತದೆ. ಮೂರು ಮೀಟರಿನ ಅಲೆಗೆ ಗುಡ್ಡ ಗೋಡೆಯೇ ಸರಿ.

ಬೆಳಕು ಅಲೆ ಎಂದು ಮೊದಲು ಸಾಬೀತು ಮಾಡಿದ್ದು ಯಾರು? ನ್ಯೂಟನ್ ಕಣ ಎಂದಿದ್ದರಂತೆ.

ನ್ಯೂಟನ್ ಕಣಗಳ ಪರವಾಗಿಯೇ ಇದ್ದರು. ಅಲೆಯಾದರೆ ಬೆಳಕು ಮೂಲೆ ಸುತ್ತಿ ಬಾಗಬೇಕು, ನೆರಳು ಅಷ್ಟು ಹರಿತವಾಗಿ ಬೀಳಬಾರದು ಎಂಬುದು ಅವರ ವಾದವಾಗಿತ್ತು, ತರಂಗದೂರ ಎಷ್ಟು ಚಿಕ್ಕದೆಂದು ತಿಳಿಯದ ಕಾಲದಲ್ಲಿ ಅದು ನ್ಯಾಯವಾದ ವಾದವೇ. ಅವರ ಸಮಕಾಲೀನ ಡಚ್ ವಿಜ್ಞಾನಿ ಕ್ರಿಶ್ಚಿಯನ್ ಹ್ಯೂಗೆನ್ಸ್ 1690ರಲ್ಲಿಯೇ ಅಲೆಯ ಸಿದ್ಧಾಂತವನ್ನು ಪ್ರಕಟಿಸಿದ್ದರೂ, ನ್ಯೂಟನ್ನರ ಹೆಸರಿನ ಭಾರಕ್ಕೆ ಅದು ನೂರು ವರ್ಷ ಬದಿಗೆ ಸರಿಯಿತು.

1803ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಯಂಗ್ ರಾಯಲ್ ಸೊಸೈಟಿಯ ಮುಂದೆ ಒಂದು ಸರಳ ಪ್ರಯೋಗವನ್ನು ವಿವರಿಸಿದರು. ಕಿಟಕಿಯ ಸಣ್ಣ ತೂತಿನಿಂದ ಒಳಬಂದ ಬಿಸಿಲಿನ ಕೋಲಿಗೆ ಒಂದು ಇಂಚಿನ ಮೂವತ್ತನೆಯ ಒಂದರಷ್ಟು ಅಗಲದ ಕಾಗದದ ಪಟ್ಟಿಯನ್ನು ಅಂಚಾಗಿ ಹಿಡಿದಾಗ, ಅದರ ನೆರಳಿನೊಳಗೆ ಬೆಳಕು ಕತ್ತಲೆಗಳ ಪಟ್ಟೆಗಳು ಕಂಡವು. ಪಟ್ಟಿಯ ಒಂದು ಬದಿಯ ಬೆಳಕನ್ನು ತಡೆದರೆ ಇನ್ನೊಂದು ಬದಿಯ ಬೆಳಕು ಹಾಗೆಯೇ ಬರುತ್ತಿದ್ದರೂ ಆ ಪಟ್ಟೆಗಳು ಮಾಯವಾದವು. ಎರಡು ಕಡೆಯ ಬೆಳಕು ಸೇರಿದರೆ ಮಾತ್ರ ಕತ್ತಲೆ ಹುಟ್ಟುತ್ತದೆ ಎನ್ನುವುದನ್ನು ಕಣಗಳಿಂದ ವಿವರಿಸುವುದು ಕಷ್ಟ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ರದ್ದಾಗುವ ಅಲೆಗಳಿಂದ ಸುಲಭ. ಇದನ್ನೇ ವ್ಯತಿಕರಣ ಎನ್ನುತ್ತೇವೆ.

ಆದರೂ ವಿದ್ವಾಂಸರು ಒಪ್ಪಲಿಲ್ಲ. ವಿಷಯ ನಿಜವಾಗಿ ತೀರ್ಮಾನವಾದದ್ದು ಪ್ಯಾರಿಸ್ಸಿನಲ್ಲಿ, ಅದೂ ವಿರೋಧಿಯೊಬ್ಬರ ನೆರವಿನಿಂದ. ಫ್ರೆಂಚ್ ವಿಜ್ಞಾನ ಅಕಾಡೆಮಿ ವಿವರ್ತನೆಯ ಬಗ್ಗೆ ಏರ್ಪಡಿಸಿದ ಸ್ಪರ್ಧೆಗೆ ರಸ್ತೆ ಸೇತುವೆಗಳ ಎಂಜಿನಿಯರ್ ಆಗಿದ್ದ ಆಗಸ್ಟಿನ್ ಫ್ರೆನೆಲ್ 1818ರಲ್ಲಿ ಅಲೆಯ ಗಣಿತವನ್ನು ಸಲ್ಲಿಸಿದರು. ತೀರ್ಪುಗಾರರಲ್ಲಿ ಒಬ್ಬರಾದ ಸಿಮೆಯೋನ್ ಪಾಸೋನ್ ಕಣವಾದಿ ಮತ್ತು ನುರಿತ ಗಣಿತಜ್ಞ. ಫ್ರೆನೆಲ್ಲರ ಸಮೀಕರಣಗಳನ್ನು ಅವರು ಮುಂದಕ್ಕೆ ಎಳೆದು ನೋಡಿದಾಗ, ದುಂಡಗಿನ ಒಂದು ಬಿಲ್ಲೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಇರಬೇಕು ಎಂಬ ಫಲಿತಾಂಶ ಬಂತು. ನೆರಳಿನ ಮಧ್ಯದಲ್ಲಿ ಬೆಳಕು ಎಂಬುದು ಅಸಂಬದ್ಧ, ಆದ್ದರಿಂದ ಸಿದ್ಧಾಂತವೇ ತಪ್ಪು ಎನ್ನುವುದು ಅವರ ಅಭಿಪ್ರಾಯವಾಗಿತ್ತು. ಇನ್ನೊಬ್ಬ ತೀರ್ಪುಗಾರ ಫ್ರಾಂಸ್ವಾ ಅರಗೋ ವಾದ ಮಾಡುವ ಬದಲು ಸುಮಾರು ಎರಡು ಮಿಲಿಮೀಟರಿನ ಬಿಲ್ಲೆಯೊಂದನ್ನು ಗಾಜಿಗೆ ಅಂಟಿಸಿ ಬೆಳಕು ಹಾಯಿಸಿದರು. ಚುಕ್ಕೆ ಅಲ್ಲಿತ್ತು. 1819ರಲ್ಲಿ ಬಹುಮಾನ ಫ್ರೆನೆಲ್ಲರಿಗೆ ಸಂದಿತು.

ಚುಕ್ಕೆ ಏಕೆ ಎಂಬುದು ಸರಳ. ಬಿಲ್ಲೆಯ ಅಂಚಿನ ಪ್ರತಿ ಬಿಂದುವಿನಿಂದಲೂ ನೆರಳಿನ ಕೇಂದ್ರಕ್ಕೆ ಇರುವ ದೂರ ಒಂದೇ. ಅಲ್ಲಿಂದ ಬಾಗಿ ಬಂದ ಅಲೆಗಳೆಲ್ಲ ಒಂದೇ ಹಂತದಲ್ಲಿ, ಅಂದರೆ ಉಬ್ಬಿಗೆ ಉಬ್ಬು ತಗ್ಗಿಗೆ ತಗ್ಗು ಹೊಂದಿಕೊಂಡು, ಬಂದು ಕೂಡುತ್ತವೆ. ಸೈಕಲ್ಲಿನ ಬೇರಿಂಗಿನ ಒಂದು ಗುಂಡನ್ನು ಗಾಜಿಗೆ ಅಂಟಿಸಿ, ಮಸೂರದಿಂದ ಹರಡಿಸಿದ ಲೇಸರ್ ಬೆಳಕನ್ನು ಅದರ ಮೇಲೆ ಬಿಟ್ಟು, ಕೆಲವು ಮೀಟರ್ ದೂರದ ಗೋಡೆಯ ಮೇಲೆ ನೆರಳನ್ನು ನೋಡಿದರೆ ಇಂದು ಯಾವ ಕಾಲೇಜಿನಲ್ಲಾದರೂ ಇದನ್ನು ಕಾಣಬಹುದು. ಕಣ್ಣನ್ನು ಲೇಸರಿನ ದಾರಿಗೆ ತರಬಾರದು, ಅಷ್ಟೇ.

ಹಾಗಿದ್ದರೆ ಕೋಣೆಯಲ್ಲಿ ಎರಡು ಬಲ್ಬ್ ಹಾಕಿದಾಗ ಗೋಡೆಯ ಮೇಲೆ ಕಪ್ಪು ಪಟ್ಟೆ ಕಾಣಬೇಕಲ್ಲವೇ?

ಪಟ್ಟೆಗಳು ಹುಟ್ಟುತ್ತವೆ, ಆದರೆ ನಿಲ್ಲುವುದಿಲ್ಲ. ಬಲ್ಬಿನಲ್ಲಿ ಬೆಳಕು ಸೂಸುವುದು ಅಸಂಖ್ಯಾತ ಪರಮಾಣುಗಳು, ಒಂದಕ್ಕೊಂದು ಹೊಂದಾಣಿಕೆಯಿಲ್ಲದೆ. ಎರಡು ಬಲ್ಬುಗಳ ಅಲೆಗಳ ಹಂತದ ಸಂಬಂಧ ಒಂದು ಸೆಕೆಂಡಿನಲ್ಲಿ ಕೋಟ್ಯಂತರ ಬಾರಿ ಬದಲಾಗುವುದರಿಂದ ಪಟ್ಟೆಗಳೂ ಅಷ್ಟೇ ಬಾರಿ ಜಾಗ ಬದಲಿಸುತ್ತವೆ, ಕಣ್ಣಿಗೆ ಅದರ ಸರಾಸರಿ ಮಾತ್ರ ಕಾಣುತ್ತದೆ. ಯಂಗ್ ಅವರ ಜಾಣತನವಿದ್ದದ್ದು ಒಂದೇ ಮೂಲದ ಬೆಳಕನ್ನು ಎರಡಾಗಿ ಸೀಳಿದ್ದರಲ್ಲಿ: ಮೂಲದಲ್ಲಿ ಏನೇ ಏರುಪೇರಾದರೂ ಎರಡೂ ಭಾಗಗಳಲ್ಲಿ ಒಂದೇ ರೀತಿ ಆಗುತ್ತದೆ.

ಎರಡು ಬೆಳಕು ಸೇರಿ ಕತ್ತಲೆಯಾದರೆ ಅದರ ಶಕ್ತಿ ಎಲ್ಲಿಗೆ ಹೋಯಿತು?

ಪಕ್ಕದ ಪಟ್ಟೆಗೆ. ಸಮಾನವಾದ ಎರಡು ಅಲೆಗಳು ಒಂದೇ ಹಂತದಲ್ಲಿ ಕೂಡಿದಾಗ ಪಾರ (ಉಬ್ಬಿನ ಎತ್ತರ) ಇಮ್ಮಡಿಯಾಗುತ್ತದೆ. ಬೆಳಕಿನ ತೀವ್ರತೆ ಪಾರದ ವರ್ಗಕ್ಕೆ ಅನುಗುಣವಾದ್ದರಿಂದ ಅಲ್ಲಿ ತೀವ್ರತೆ ಒಂದು ಅಲೆಯ ನಾಲ್ಕು ಪಟ್ಟು. ಕತ್ತಲೆಯ ಪಟ್ಟೆಯಲ್ಲಿ ಅದು ಸೊನ್ನೆ. ನಾಲ್ಕು ಮತ್ತು ಸೊನ್ನೆಯ ಸರಾಸರಿ ಎರಡು, ಎರಡು ಅಲೆಗಳು ತಂದ ಶಕ್ತಿಯೂ ಅಷ್ಟೇ.

ಸೋಪಿನ ಗುಳ್ಳೆಗೆ ಬಣ್ಣ ಬರುವುದು ಹೇಗೆ? ಒಡೆಯುವ ಮುನ್ನ ಅದರ ಮೇಲ್ಭಾಗ ಕಪ್ಪಾಗುವುದೇಕೆ?

ಸೋಪಿನ ಪೊರೆಯ ಹೊರಮೈಯಿಂದ ಬೆಳಕಿನ ಒಂದು ಪಾಲು, ಒಳಮೈಯಿಂದ ಇನ್ನೊಂದು ಪಾಲು ಪ್ರತಿಫಲಿಸಿ ಎರಡೂ ಕಣ್ಣಿನಲ್ಲಿ ಕೂಡುತ್ತವೆ. ಪೊರೆಯ ದಪ್ಪವನ್ನು ಅವಲಂಬಿಸಿ ಕೆಲವು ತರಂಗದೂರಗಳು ರದ್ದಾಗುತ್ತವೆ, ಕೆಲವು ಬಲಗೊಳ್ಳುತ್ತವೆ, ಉಳಿದ ಬಣ್ಣ ಕಾಣುತ್ತದೆ. ಮಳೆಯಲ್ಲಿ ರಸ್ತೆಯ ಮೇಲೆ ಹರಡಿದ ಡೀಸೆಲ್ಲಿನ ಬಣ್ಣವೂ ಇದೇ. ಕಪ್ಪಿನ ಪ್ರಶ್ನೆ ಇನ್ನೂ ಸೊಗಸಾದದ್ದು. ಗಾಳಿಯಿಂದ ನೀರಿಗೆ ತಗುಲಿ ಹಿಂದಿರುಗುವ ಅಲೆ ತಲೆಕೆಳಗಾಗುತ್ತದೆ, ನೀರಿನಿಂದ ಗಾಳಿಗೆ ತಗುಲಿ ಹಿಂದಿರುಗುವುದು ತಲೆಕೆಳಗಾಗುವುದಿಲ್ಲ. ಗುಳ್ಳೆಯ ನೀರು ಕೆಳಗಿಳಿದು ಮೇಲಿನ ಪೊರೆ ತರಂಗದೂರಕ್ಕಿಂತ ಎಷ್ಟೋ ತೆಳುವಾದಾಗ ಎರಡು ಪಾಲುಗಳ ನಡುವೆ ದಾರಿಯ ವ್ಯತ್ಯಾಸವೇ ಉಳಿಯದೆ, ಎಲ್ಲ ಬಣ್ಣಗಳೂ ಒಟ್ಟಿಗೆ ರದ್ದಾಗುತ್ತವೆ. ಆಗ ಗುಳ್ಳೆ ಒಡೆಯುವ ಹೊತ್ತು ಹತ್ತಿರವಾಗಿದೆ ಎಂದರ್ಥ.

ಗಾಜಿನೊಳಗೆ ಬೆಳಕು ನಿಧಾನವಾಗುತ್ತದೆ, ಹೊರಬಂದ ತಕ್ಷಣ ಮತ್ತೆ ವೇಗ ಪಡೆಯುತ್ತದೆ. ಆ ವೇಗವನ್ನು ಕೊಡುವವರು ಯಾರು?

ಯಾರೂ ಕೊಡಬೇಕಾಗಿಲ್ಲ, ಈ ಪ್ರಶ್ನೆ ಬೆಳಕನ್ನು ಎಸೆದ ಚೆಂಡು ಎಂದು ಊಹಿಸಿಕೊಂಡಾಗ ಮಾತ್ರ ಏಳುತ್ತದೆ. ಒಳಬಂದ ಅಲೆಯ ವಿದ್ಯುತ್ ಕ್ಷೇತ್ರ ಗಾಜಿನ ಎಲೆಕ್ಟ್ರಾನುಗಳನ್ನು ಅದೇ ಆವೃತ್ತಿಯಲ್ಲಿ ಅಲುಗಿಸುತ್ತದೆ, ಅಲುಗಿದ ಎಲೆಕ್ಟ್ರಾನುಗಳು ತಾವೂ ತುಸು ತಡವಾದ ಅಲೆಗಳನ್ನು ಹೊರಸೂಸುತ್ತವೆ. ಮೂಲ ಅಲೆಯೂ ಈ ಹೊಸ ಅಲೆಗಳೂ ಕೂಡಿ ಆದ ಒಟ್ಟು ಅಲೆಯ ಉಬ್ಬುಗಳು ನಿರ್ವಾತದಲ್ಲಿಗಿಂತ ನಿಧಾನವಾಗಿ ಮುಂದುವರಿಯುತ್ತವೆ. ಗಾಜು ಮುಗಿದಲ್ಲಿ ಎಲೆಕ್ಟ್ರಾನುಗಳ ಕೊಡುಗೆಯೂ ಮುಗಿಯುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ (ನಿರ್ವಾತದಲ್ಲಿನ ವೇಗ ಅಲ್ಲಿನ ವೇಗದ ಎಷ್ಟು ಪಟ್ಟು ಎಂಬ ಸಂಖ್ಯೆ) 1.33 ಎಂದರೆ ಅಲ್ಲಿ ವೇಗ ಸೆಕೆಂಡಿಗೆ ಸುಮಾರು 2,25,000 ಕಿಲೋಮೀಟರ್ ಎಂದರ್ಥ; ವಜ್ರದಲ್ಲಿ ಸೂಚ್ಯಂಕ 2.42. ಆವೃತ್ತಿ ಎಲ್ಲಿಯೂ ಬದಲಾಗದು, ತರಂಗದೂರ ಕುಗ್ಗುತ್ತದೆ.

ವೇಗ ತಗ್ಗಿದರೆ ದಿಕ್ಕು ಏಕೆ ಬದಲಾಗುತ್ತದೆ ಎಂಬುದನ್ನು ಸಮುದ್ರ ತೀರದಲ್ಲೇ ಕಾಣಬಹುದು. ಆಳ ಕಡಿಮೆಯಿರುವಲ್ಲಿ ಅಲೆಯ ವೇಗ ಆಳದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ: ಹತ್ತು ಮೀಟರ್ ಆಳದಲ್ಲಿ ಸೆಕೆಂಡಿಗೆ ಸುಮಾರು ಹತ್ತು ಮೀಟರ್, ಎರಡೂವರೆ ಮೀಟರ್ ಆಳದಲ್ಲಿ ಐದು. ಓರೆಯಾಗಿ ಬಂದ ಅಲೆಯಲ್ಲಿ ದಡಕ್ಕೆ ಹತ್ತಿರದ ತುದಿ ಮೊದಲು ನಿಧಾನವಾಗಿ, ದೂರದ ತುದಿ ಮುಂದೆ ಬಂದು, ಅಲೆಯ ಸಾಲು ದಡದ ಕಡೆಗೆ ತಿರುಗುತ್ತದೆ. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಅಲೆಗಳು ದಡಕ್ಕೆ ಸುಮಾರಾಗಿ ಸಮಾಂತರವಾಗಿಯೇ ಬಂದು ಬೀಳುವುದು ಇದರಿಂದ. ಗಾಳಿಯಿಂದ ನೀರಿಗಿಳಿಯುವ ಬೆಳಕು ಬಾಗುವುದಕ್ಕೂ ಇದೇ ಜ್ಯಾಮಿತಿ.

ಆಕಾಶ ನೀಲಿ ಎನ್ನುವುದಕ್ಕೆ ಕಾರಣ ಗೊತ್ತು. ಆದರೆ ನೇರಳೆ ಇನ್ನೂ ಹೆಚ್ಚು ಚದುರಬೇಕಲ್ಲ, ಆಕಾಶ ನೇರಳೆ ಏಕಲ್ಲ?

ಗಾಳಿಯ ಅಣುಗಳು ಬೆಳಕಿನ ತರಂಗದೂರಕ್ಕಿಂತ ಬಹಳ ಚಿಕ್ಕವು. ಅಂಥ ಕಣಗಳಿಂದಾಗುವ ಚದುರಿಕೆ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ ಎಂದು ಲಾರ್ಡ್ ರ‍್ಯಾಲೆ ಹತ್ತೊಂಬತ್ತನೆಯ ಶತಮಾನದಲ್ಲಿ ತೋರಿಸಿದರು. ಈ ಲೆಕ್ಕದಲ್ಲಿ 400 ನ್ಯಾನೋಮೀಟರಿನ ನೇರಳೆ 700 ನ್ಯಾನೋಮೀಟರಿನ ಕೆಂಪಿಗಿಂತ ಒಂಬತ್ತು ಪಟ್ಟಿಗೂ ಹೆಚ್ಚು ಚದುರುತ್ತದೆ. ಆದರೆ ಸೂರ್ಯನ ಬೆಳಕಿನಲ್ಲಿ ನೇರಳೆಯ ಪಾಲು ಕಡಿಮೆ, ನಮ್ಮ ಕಣ್ಣಿಗೆ ಅದನ್ನು ಗ್ರಹಿಸುವ ಶಕ್ತಿ ಇನ್ನೂ ಕಡಿಮೆ. ಎಲ್ಲ ಬೆರೆತು ಬಂದದ್ದನ್ನು ಮಿದುಳು ತಿಳಿನೀಲಿ ಎಂದು ಓದುತ್ತದೆ. ಮೋಡದ ಹನಿಗಳು ತರಂಗದೂರಕ್ಕಿಂತ ಎಷ್ಟೋ ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಒಂದೇ ಸಮನೆ ಚದುರಿಸಿ ಬೆಳ್ಳಗೆ ಕಾಣುತ್ತವೆ.

ಸಮುದ್ರದ ನೀಲಿ ಕೇವಲ ಆಕಾಶದ ಪ್ರತಿಬಿಂಬ ಎಂದು ರ‍್ಯಾಲೆ ಭಾವಿಸಿದ್ದರು. 1921ರ ಹಡಗು ಪ್ರಯಾಣದಲ್ಲಿ ಸಿ. ವಿ. ರಾಮನ್ ನಿಕೋಲ್ ಪ್ರಿಸಮ್ (ಒಂದು ದಿಕ್ಕಿನ ಏರಿಳಿತವನ್ನು ಮಾತ್ರ ಬಿಡುವ ಹರಳು) ಹಿಡಿದು ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದಾಗಲೂ ಮೆಡಿಟರೇನಿಯನ್ ಸಮುದ್ರ ನೀಲಿಯಾಗಿಯೇ ಉಳಿಯಿತು. ಅಲ್ಲಿ ಶುರುವಾದ ಚದುರಿಕೆಯ ಅಧ್ಯಯನ 1928ರ ಫೆಬ್ರವರಿ 28ರ ಆವಿಷ್ಕಾರಕ್ಕೆ ಕೊಂಡೊಯ್ದಿತು: ಚದುರಿದ ಬೆಳಕಿನ ಅತ್ಯಲ್ಪ ಪಾಲಿನ ಆವೃತ್ತಿಯೇ ಬದಲಾಗಿರುತ್ತದೆ, ಏಕೆಂದರೆ ಅದು ಅಣುವಿನ ಕಂಪನಕ್ಕೆ ಶಕ್ತಿಯನ್ನು ಕೊಟ್ಟೋ ಅದರಿಂದ ಪಡೆದೋ ಬಂದಿರುತ್ತದೆ. ಆಕಾಶದ ನೀಲಿಯಲ್ಲಿ ಆವೃತ್ತಿ ಬದಲಾಗುವುದಿಲ್ಲ.

ಎರಡು ಪೋಲರಾಯ್ಡ್ ಹಾಳೆಗಳನ್ನು ಅಡ್ಡಡ್ಡ ಇಟ್ಟರೆ ಕತ್ತಲೆ. ನಡುವೆ ಮೂರನೆಯದನ್ನು ತೂರಿಸಿದರೆ ಬೆಳಕು ಬರುತ್ತದೆ. ಇದು ಹೇಗೆ ಸಾಧ್ಯ?

ಪೋಲರಾಯ್ಡ್ ಬರೀ ಜರಡಿಯಾಗಿದ್ದರೆ ಇದು ಸಾಧ್ಯವಿರಲಿಲ್ಲ. ಅದು ಒಂದು ದಿಕ್ಕಿನ ಏರಿಳಿತವನ್ನು ಮಾತ್ರ ಬಿಡುತ್ತದೆ ಮತ್ತು ಹೊರಬರುವ ಬೆಳಕಿನ ಏರಿಳಿತವನ್ನು ತನ್ನ ದಿಕ್ಕಿಗೇ ಹೊಂದಿಸುತ್ತದೆ. ಮೊದಲನೆಯದಕ್ಕೆ 45 ಡಿಗ್ರಿ ಓರೆಯಾಗಿಟ್ಟ ನಡುವಿನ ಹಾಳೆ ಅರ್ಧದಷ್ಟು ಬೆಳಕನ್ನು ಹೊಸ ದಿಕ್ಕಿನಲ್ಲಿ ಕಳುಹಿಸುತ್ತದೆ, ಮೂರನೆಯದು ಅದರ ಅರ್ಧವನ್ನು. ಹೀಗೆ ಆದರ್ಶ ಹಾಳೆಗಳಲ್ಲಿ ಮೊದಲನೆಯದನ್ನು ದಾಟಿದ ಬೆಳಕಿನ ಕಾಲುಭಾಗ ಹೊರಬರುತ್ತದೆ. ಅಡ್ಡ ತರಂಗಕ್ಕೆ ಮಾತ್ರ ಹೀಗೆ ಧ್ರುವೀಕರಣ, ಅಂದರೆ ಏರಿಳಿತವನ್ನು ಒಂದೇ ದಿಕ್ಕಿಗೆ ಹೊಂದಿಸುವುದು, ಸಾಧ್ಯವಾದ್ದರಿಂದ ಬೆಳಕು ಅಡ್ಡ ತರಂಗ ಎಂಬುದಕ್ಕೆ ಇದಕ್ಕಿಂತ ಅಗ್ಗದ ಪುರಾವೆ ಇಲ್ಲ.

ಬೆಳಕಿನ ವೇಗವನ್ನು ಮನೆಯಲ್ಲೇ ಅಳೆಯಬಹುದು ಅಂತಾರೆ, ನಿಜವೇ?

ಮೈಕ್ರೊವೇವ್ ಒಲೆ ಮತ್ತು ಹಪ್ಪಳ ಇದ್ದರೆ ಒಂದು ಅಂದಾಜು ಸಾಧ್ಯ. ತಿರುಗುವ ತಟ್ಟೆಯನ್ನು ತೆಗೆದು, ಹಸಿ ಹಪ್ಪಳಗಳನ್ನು ಅಲುಗದ ಹಾಗೆ ಇಟ್ಟು ಕೆಲವೇ ಸೆಕೆಂಡು ಒಲೆಯನ್ನು ಚಾಲೂ ಮಾಡಿದರೆ ಅಲ್ಲಲ್ಲಿ ಮಾತ್ರ ಹಪ್ಪಳ ಅರಳಿರುತ್ತದೆ. ಒಳಗೆ ಹಿಂದೆ ಮುಂದೆ ಪ್ರತಿಫಲಿಸಿದ ಅಲೆಗಳು ಕೂಡಿ ನಿಂತಲ್ಲೇ ನಿಂತ ಅಲೆಯಾದಾಗ ಏರಿಳಿತ ಅತಿ ಹೆಚ್ಚಿರುವ ಜಾಗಗಳು ಅವು. ಪಕ್ಕಪಕ್ಕದ ಎರಡು ಜಾಗಗಳ ಅಂತರ ಸುಮಾರು ಆರು ಸೆಂಟಿಮೀಟರ್, ಅಂದರೆ ಅರ್ಧ ತರಂಗದೂರ. ಅದನ್ನು ಎರಡರಿಂದ ಗುಣಿಸಿ, ಒಲೆಯ ಆವೃತ್ತಿಯಾದ 2.45 ಗಿಗಾಹರ್ಟ್ಜ್‌ನಿಂದ ಮತ್ತೆ ಗುಣಿಸಿದರೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿನ ಹತ್ತಿರದ ಸಂಖ್ಯೆ ಬರುತ್ತದೆ. ಒಲೆಯೊಳಗಿನ ಅಲೆಗಳು ಮೂರು ದಿಕ್ಕಿನಲ್ಲೂ ಪ್ರತಿಫಲಿಸುವುದರಿಂದ ಕಲೆಗಳು ಅಚ್ಚುಕಟ್ಟಾಗಿ ಬೀಳುವುದಿಲ್ಲ. ಶೇಕಡಾ ಹತ್ತು ಹದಿನೈದರಷ್ಟು ತಪ್ಪಿದರೆ ಬೇಸರಪಡಬೇಕಾಗಿಲ್ಲ.

ನಿಖರವಾದ ಬೆಲೆ ಸೆಕೆಂಡಿಗೆ 29,97,92,458 ಮೀಟರ್. 1983ರಿಂದ ಈ ಸಂಖ್ಯೆಯನ್ನು ಯಾರೂ ಅಳೆಯುತ್ತಿಲ್ಲ, ಏಕೆಂದರೆ ಮೀಟರನ್ನೇ ಇದರ ಆಧಾರದ ಮೇಲೆ ವ್ಯಾಖ್ಯಾನಿಸಲಾಗಿದೆ.

## ಇನ್ನಷ್ಟು ಆಳದಲ್ಲಿ

ಎಷ್ಟು ಶಕ್ತಿಶಾಲಿ ಸೂಕ್ಷ್ಮದರ್ಶಕ ಮಾಡಿದರೂ ಪರಮಾಣು ಏಕೆ ಕಾಣುವುದಿಲ್ಲ?

ಮಸೂರದ ಕೌಶಲದ ಕೊರತೆ ಇದಕ್ಕೆ ಕಾರಣವಲ್ಲ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಬೆಳಕಿನ ತರಂಗದೂರದ ಸರಿಸುಮಾರು ಅರ್ಧಕ್ಕಿಂತ ಚಿಕ್ಕ ವಿವರಗಳು ವಿವರ್ತನೆಯಿಂದ ಕಲಸಿಹೋಗುತ್ತವೆ ಎಂದು ಅರ್ನ್ಸ್ಟ್ ಅಬ್ಬೆ 1873ರಲ್ಲಿ ತೋರಿಸಿದರು. ಆ ಮಿತಿ ಸುಮಾರು 200 ನ್ಯಾನೋಮೀಟರ್, ಪರಮಾಣುಗಳ ನಡುವಿನ ಅಂತರ ಅದರ ಸಾವಿರದ ಒಂದು ಭಾಗದ ಆಸುಪಾಸು. ಅಷ್ಟೇ ಚಿಕ್ಕ ತರಂಗದೂರದ ಎಕ್ಸ್ ಕಿರಣ ಬೇಕಾಗುತ್ತದೆ. 1912ರಲ್ಲಿ ಮ್ಯಾಕ್ಸ್ ಫಾನ್ ಲಾವೆ ಅವರ ಸಲಹೆಯಂತೆ ಹರಳಿನ ಮೂಲಕ ಎಕ್ಸ್ ಕಿರಣ ಹಾಯಿಸಿದಾಗ ಸಿಕ್ಕ ಚುಕ್ಕೆಗಳ ವಿನ್ಯಾಸ, ಎಕ್ಸ್ ಕಿರಣವೂ ಅಲೆ, ಹರಳೂ ಪರಮಾಣುಗಳ ಸಾಲು ಎಂಬ ಎರಡನ್ನೂ ಒಟ್ಟಿಗೆ ತೋರಿಸಿಕೊಟ್ಟಿತು.

ಕೊನೆಗೂ ಬೆಳಕು ಅಲೆಯೋ ಕಣವೋ? ಒಂದು ಉತ್ತರ ಕೊಡಿ.

ಸಾಗುವಾಗಿನ ಲೆಕ್ಕ ಅಲೆಯದು, ಶಕ್ತಿಯ ಕೊಡು-ಕೊಳ್ಳುವಿಕೆಯ ಲೆಕ್ಕ ಇಡಿಯಾದ ಘಟಕಗಳದ್ದು. ಸತುವಿನ ತಗಡಿನ ಮೇಲೆ ಎಷ್ಟೇ ಪ್ರಖರವಾದ ಸಾಮಾನ್ಯ ಕೆಂಪು ದೀಪದ ಬೆಳಕು ಬಿದ್ದರೂ ಎಲೆಕ್ಟ್ರಾನು ಹೊರಬರುವುದಿಲ್ಲ, ಮಂದವಾದ ನೇರಳಾತೀತಕ್ಕೆ ಬರುತ್ತದೆ. ಬೆಳಕಿನ ಶಕ್ತಿ ಆವೃತ್ತಿಗೆ ಅನುಗುಣವಾದ ಕಂತೆಗಳಲ್ಲಿ ವಿನಿಮಯವಾಗುತ್ತದೆ ಎಂದು 1905ರಲ್ಲಿ ಐನ್‌ಸ್ಟೈನ್ ಇದನ್ನು ವಿವರಿಸಿದರು. ಆ ಕಂತೆಗಳೇ ಫೋಟಾನುಗಳು. ಒಂದು ಮಿಲಿವ್ಯಾಟಿನ ಹಸಿರು ಲೇಸರ್ ಸೆಕೆಂಡಿಗೆ ಸುಮಾರು 2.7 × 10¹⁵ ಫೋಟಾನುಗಳನ್ನು ಸೂಸುವುದರಿಂದ ದಿನನಿತ್ಯ ಅವು ಬಿಡಿಬಿಡಿಯಾಗಿ ಅನುಭವಕ್ಕೆ ಬರುವುದಿಲ್ಲ.

1909ರಲ್ಲಿ ಕೇಂಬ್ರಿಜ್‌ನ ಜಿ. ಐ. ಟೇಲರ್ ಬೆಳಕನ್ನು ಅತ್ಯಂತ ಮಂದಗೊಳಿಸಿ, ಸೂಜಿಯೊಂದರ ನೆರಳಿನ ಚಿತ್ರಕ್ಕಾಗಿ ಛಾಯಾಫಲಕವನ್ನು ಸುಮಾರು ಮೂರು ತಿಂಗಳು ತೆರೆದಿಟ್ಟರು. ಪಟ್ಟೆಗಳು ಪ್ರಖರ ಬೆಳಕಿನಲ್ಲಿ ಬಂದಷ್ಟೇ ಸ್ಪಷ್ಟವಾಗಿದ್ದವು. ಅಂಥ ಮಂದ ಬೆಳಕನ್ನು ಅಕ್ಕಪಕ್ಕದ ಎರಡು ಕಿಂಡಿಗಳಿಂದ ಹಾಯಿಸಿದರೆ ಇಂದಿನ ಶೋಧಕಗಳಲ್ಲಿ ಚುಕ್ಕೆಗಳು ಒಂದೊಂದಾಗಿ, ಎಲ್ಲಿ ಬೀಳುತ್ತವೆಂದು ಹೇಳಲಾಗದಂತೆ ಬೀಳುತ್ತವೆ. ಸಾವಿರಾರು ಸೇರಿದಾಗ ಯಂಗ್ ಕಂಡ ಪಟ್ಟೆಗಳೇ ಮೂಡುತ್ತವೆ. ಚುಕ್ಕೆ ಎಲ್ಲಿ ಬೀಳುವ ಸಂಭವ ಎಷ್ಟು ಎಂಬುದನ್ನು ಅಲೆ ಹೇಳುತ್ತದೆ. ಪ್ರತಿ ಫೋಟಾನು ಯಾವ ಕಿಂಡಿಯಿಂದ ಹೋಯಿತು ಎಂದು ಪತ್ತೆ ಹಚ್ಚುವ ಏರ್ಪಾಡು ಮಾಡಿದರೆ ಪಟ್ಟೆಗಳೇ ಅಳಿಸಿಹೋಗುತ್ತವೆ. ಇದು ಅರ್ಥವಾಗಲಿಲ್ಲ ಎನ್ನುವವರಿಗೆ ಹೇಳಬಹುದಾದದ್ದು ಇಷ್ಟೇ: ಸಮೀಕರಣದ ಬಗ್ಗೆ ಭೌತವಿಜ್ಞಾನಿಗಳಲ್ಲಿ ಜಗಳವಿಲ್ಲ, ಅದರ ಅರ್ಥದ ಬಗ್ಗೆ ಇನ್ನೂ ಇದೆ.

ಮೊಬೈಲ್ ಟವರಿನ ಅಲೆ ಎಕ್ಸ್‌ರೇಯಂತೆ ದೇಹವನ್ನು ಹಾಳುಮಾಡುತ್ತದೆಯೇ?

ಅದೇ ರೀತಿಯಲ್ಲಿ ಮಾಡಲಾರದು. ರಾಸಾಯನಿಕ ಬಂಧವನ್ನು ಮುರಿಯಲು ಕೆಲವು ಎಲೆಕ್ಟ್ರಾನ್ ವೋಲ್ಟ್ (ಪರಮಾಣುಗಳ ಮಟ್ಟದಲ್ಲಿ ಶಕ್ತಿಯನ್ನು ಅಳೆಯುವ ಮಾನ) ಶಕ್ತಿ ಬೇಕು. ಎಕ್ಸ್ ಕಿರಣದ ಒಂದು ಫೋಟಾನಿನಲ್ಲಿ ಸಾವಿರಾರು ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ, ಮೊಬೈಲಿನ 2 ಗಿಗಾಹರ್ಟ್ಜ್ ಅಲೆಯ ಒಂದು ಫೋಟಾನಿನಲ್ಲಿ ಒಂದು ಎಲೆಕ್ಟ್ರಾನ್ ವೋಲ್ಟಿನ ಲಕ್ಷದ ಒಂದು ಭಾಗಕ್ಕೂ ಕಡಿಮೆ. ಅಂಥ ಅಲೆಯ ಖಚಿತವಾಗಿ ತಿಳಿದಿರುವ ಪರಿಣಾಮ ಬಿಸಿಯಾಗಿಸುವುದು, ಅದು ಒಟ್ಟು ಸಾಮರ್ಥ್ಯವನ್ನು ಅವಲಂಬಿಸಿರುತ್ತದೆ. ಸುರಕ್ಷತೆಯ ಮಿತಿಗಳನ್ನು ಹಾಕಿರುವುದೂ ಆ ಆಧಾರದ ಮೇಲೆಯೇ. ಈ ಲೆಕ್ಕದಲ್ಲಿ ಎಚ್ಚರ ಬೇಕಾದದ್ದು ನಡುಮಧ್ಯಾಹ್ನದ ಬಿಸಿಲಿನ ನೇರಳಾತೀತದ ಬಗ್ಗೆ.

ಈ ವಿಷಯದಲ್ಲಿ ಬೆಂಗಳೂರಿನಲ್ಲಿ ನಡೆದ ಮೂಲಭೂತ ಕೆಲಸ ಏನಾದರೂ ಇದೆಯೇ?

ಎರಡನ್ನು ಹೆಸರಿಸಲೇಬೇಕು. ದ್ರವವೊಂದರಲ್ಲಿ ಕಿವಿಗೆ ಕೇಳಿಸದಷ್ಟು ಹೆಚ್ಚು ಆವೃತ್ತಿಯ ಶಬ್ದದ ಅಲೆ ಹಾಯುವಾಗ ಸಾಂದ್ರತೆ ಪದರ ಪದರವಾಗಿ ಏರಿಳಿಯುತ್ತದೆ, ಅದಕ್ಕೆ ಅಡ್ಡವಾಗಿ ಬೆಳಕು ಹಾಯಿಸಿದರೆ ಒಂದು ಕಿರಣ ಹಲವು ಕಿರಣಗಳಾಗಿ ಒಡೆಯುತ್ತದೆ ಎಂದು 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನಲ್ಲಿ ಕಂಡುಕೊಂಡಿದ್ದರು. ಏಕೆ ಅಷ್ಟೊಂದು ಕಿರಣಗಳು, ಅವುಗಳ ತೀವ್ರತೆ ಹೀಗೇಕೆ ಎಂಬುದನ್ನು 1935–36ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಮತ್ತು ನಾಗೇಂದ್ರನಾಥ್ ವಿವರಿಸಿದರು: ಶಬ್ದದ ಪದರಗಳು ಬೆಳಕನ್ನು ತಡೆಯುವುದಿಲ್ಲ, ಅದರ ಹಂತವನ್ನು ಅಲ್ಲಲ್ಲಿ ಹಿಂದೆ ಮುಂದೆ ಮಾಡಿ ಅಲೆಯ ಮುಖವನ್ನು ಮಡಿಕೆ ಮಡಿಕೆಯಾಗಿಸುತ್ತವೆ. ಶಬ್ದದಿಂದ ಲೇಸರ್ ಕಿರಣವನ್ನು ತಿರುಗಿಸುವ ಇಂದಿನ ಉಪಕರಣಗಳ ಅಧ್ಯಯನ ಈ ಸಿದ್ಧಾಂತದಿಂದಲೇ ಆರಂಭವಾಗುತ್ತದೆ.

ಎರಡನೆಯದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಶಿವರಾಮಕೃಷ್ಣನ್ ಪಂಚರತ್ನಂ ಅವರದು. ಬೇರೆ ಬೇರೆ ಧ್ರುವೀಕರಣದ ಎರಡು ಕಿರಣಗಳು ಒಂದೇ ಹಂತದಲ್ಲಿವೆ ಎಂದು ಹೇಳುವುದು ಹೇಗೆ ಎಂಬ ಪ್ರಶ್ನೆಯನ್ನು 1956ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಅವರು ಎತ್ತಿಕೊಂಡರು. ಎರಡನ್ನು ಕೂಡಿಸಿದಾಗ ತೀವ್ರತೆ ಅತಿ ಹೆಚ್ಚಾದರೆ ಅವು ಒಂದೇ ಹಂತದಲ್ಲಿವೆ ಎಂದು ಇಟ್ಟುಕೊಳ್ಳೋಣ ಎಂಬುದು ಅವರ ಉತ್ತರ. ಅದರಿಂದ ವಿಚಿತ್ರವಾದ ಒಂದು ಫಲಿತಾಂಶ ಹೊರಟಿತು: ಮೊದಲ ಕಿರಣ ಎರಡನೆಯದರ ಹಂತದಲ್ಲಿ, ಎರಡನೆಯದು ಮೂರನೆಯದರ ಹಂತದಲ್ಲಿ ಇದ್ದರೂ ಮೂರನೆಯದು ಮೊದಲನೆಯದರ ಹಂತದಲ್ಲಿ ಇರಬೇಕಾಗಿಲ್ಲ. ಉಳಿಯುವ ವ್ಯತ್ಯಾಸ, ಧ್ರುವೀಕರಣಗಳನ್ನು ಗೋಳದ ಮೇಲಿನ ಬಿಂದುಗಳಾಗಿ ಗುರುತಿಸಿದಾಗ ಆ ಮೂರು ಬಿಂದುಗಳ ತ್ರಿಕೋನವು ಗೋಳದ ಕೇಂದ್ರದಲ್ಲಿ ಮಾಡುವ ಘನಕೋನದ (ಮೂರು ಆಯಾಮದ ಕೋನದ) ಅರ್ಧದಷ್ಟು. 1984ರಲ್ಲಿ ಬ್ರಿಟನ್ನಿನ ಮೈಕಲ್ ಬೆರಿ ಕ್ವಾಂಟಂ ಸಿದ್ಧಾಂತದಲ್ಲಿ ಇಂಥದ್ದೇ ಹಂತವನ್ನು ಸ್ವತಂತ್ರವಾಗಿ ಕಂಡರು. ಬೆಂಗಳೂರಿನಲ್ಲಿ ಮೂವತ್ತು ವರ್ಷ ಮೊದಲು ಬಂದದ್ದು ಅದರ ಪೂರ್ವರೂಪ ಎಂದು 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಗುರುತಿಸಿ ಬರೆದರು, ಮರುವರ್ಷ ಬೆರಿಯವರೂ ಅದನ್ನು ಒಪ್ಪಿ ಬರೆದರು. ಪಂಚರತ್ನಂ ಅದಾಗಲೇ, 1969ರಲ್ಲಿ, ತೀರಿಕೊಂಡಿದ್ದರು.